ಬಯಲುಸೀಮೆಯ ಬಿಸಿಲಿನಲ್ಲಿ ಆಕ್ಸೊಲಾಟಲ್ ಮರಿ: ಮೊದಲ ಸಲ ಸಾಕುವವರಿಗೆ ಸಮಗ್ರ ಮಾರ್ಗದರ್ಶಿ

ಆಕ್ಸೊಲಾಟಲ್ ಮರಿ ತುಮಕೂರಿನ ನಮ್ಮ ಮನೆಗೆ ಬಂದ ದಿನ ಅಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿ, "ಇದೇನೋ ಇದು, ಕಾಲು ಬಂದ ಮೇಲೂ ಬಾಲ ಉದುರದ ಗೊದಮೊಟ್ಟೆ!" ಅಂದಿದ್ದರು. ಆ ಮಾತು ಬಹುಪಾಲು ಸರಿ. ಕಪ್ಪೆಮರಿ ದೊಡ್ಡದಾಗುತ್ತ ಕಿವಿರು ಕಳೆದುಕೊಂಡು ನೆಲಕ್ಕೆ ಬರುತ್ತದೆ. ನ್ಯೂಟ್, ಸಾಲಮಾಂಡರ್‌ಗಳ ಬಳಗಕ್ಕೆ ಸೇರಿದ ಆಕ್ಸೊಲಾಟಲ್ ಹಾಗಲ್ಲ. ತಲೆಯ ಒಂದೊಂದು ಬದಿಗೂ ಮೂರು ಮೂರು ಗರಿಯಂಥ ಕಿವಿರುಗಳನ್ನು ಉಳಿಸಿಕೊಂಡೇ ಪ್ರಾಯಕ್ಕೆ ಬರುತ್ತದೆ, ಮೊಟ್ಟೆಯಿಡುತ್ತದೆ, ನೀರಿನಲ್ಲೇ ಪೂರ್ತಿ ಬದುಕು ಕಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದರ ಆಯಸ್ಸು 10ರಿಂದ 15 ವರ್ಷ. ಬೆರಳುದ್ದದ ಮರಿ ಒಂದೂವರೆ ವರ್ಷದಲ್ಲಿ 20–25 ಸೆಂಟಿಮೀಟರ್ ಆಗುತ್ತದೆ.

ಅದರ ತವರು ಮೆಕ್ಸಿಕೊ ನಗರದ ಅಂಚಿನ ಶೋಚಿಮಿಲ್ಕೊ ಕೆರೆ, ಕಾಲುವೆಗಳು. ಅದು ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲಿನ ಜಾಗ. ತುಮಕೂರು ಇರುವುದು 800 ಮೀಟರ್ ಆಸುಪಾಸಿನಲ್ಲಿ. ನಂದಿಬೆಟ್ಟದ ತುದಿ ಕೂಡ 1,478 ಮೀಟರ್ ಮಾತ್ರ. ಅಂದರೆ ಈ ಪ್ರಾಣಿ ನಂದಿಬೆಟ್ಟಕ್ಕಿಂತಲೂ ಎತ್ತರದ ತಣ್ಣೀರಿನಲ್ಲಿ ಹುಟ್ಟಿ ಬೆಳೆದ ಕುಲದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಇದನ್ನು ಸಾಕಬೇಕೆನ್ನುವವರು ಮೊದಲು ಯೋಚಿಸಬೇಕಾದದ್ದು ಈ ಎತ್ತರದ ಲೆಕ್ಕವನ್ನೇ.

ನನ್ನ ಮೊದಲ ಮರಿಯನ್ನು ಉಳಿಸಿಕೊಳ್ಳಲು ನನಗೆ ಆಗಲಿಲ್ಲ. ಜನವರಿಯಲ್ಲಿ ತಂದಿದ್ದೆ. ಕೋಣೆಯ ಮೂಲೆಯಲ್ಲಿಟ್ಟ ನೀರು ತಾನಾಗಿಯೇ 19–20 ಡಿಗ್ರಿ ಇರುತ್ತಿತ್ತು, ಮರಿ ದಿನಕ್ಕೆರಡು ಸಲ ತಿಂದು ದುಂಡಗಾಗಿತ್ತು. ಶಿವರಾತ್ರಿ ಕಳೆದು ಬಿಸಿಲೇರಿದಾಗ ತಿನ್ನುವುದನ್ನು ಬಿಟ್ಟಿತು. ಕಿವಿರಿನ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಸ್ಟು ಕಾಣಿಸಿದ ಮೇಲೆ ನೀರಿಗೆ ಥರ್ಮಾಮೀಟರ್ ಹಾಕಿ ನೋಡಿದೆ: 28 ಡಿಗ್ರಿ. ಮೂರನೆಯ ದಿನ ಅದು ಹೋಯಿತು. ಮುಂದೆ ಬರೆದಿರುವುದೆಲ್ಲ ಆ ಸಾವಿನ ನಂತರ ಕಲಿತದ್ದು. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತರುವ ಮೊದಲು: ಕಾನೂನು

ಹಿಮಾಲಯದ ನ್ಯೂಟ್ ಡಾರ್ಜಿಲಿಂಗ್, ಸಿಕ್ಕಿಂ ಕಡೆ ಬದುಕುವ ನಮ್ಮದೇ ದೇಶದ ಜೀವಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಯಾರಾದರೂ ಅದನ್ನು ಮಾರಲು ಬಂದರೆ ಕೊಳ್ಳಬೇಡಿ, ಸಾಕುವುದು ಅಪರಾಧ.

ಆಕ್ಸೊಲಾಟಲ್ ವಿದೇಶಿ ಜೀವಿ. ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿರುವುದರಿಂದ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ. ನಮ್ಮ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದಾಗ ಇಂಥ ಜೀವಿಗಳಿಗಾಗಿಯೇ ನಾಲ್ಕನೇ ಅನುಸೂಚಿ ಬಂತು, 2024ರಲ್ಲಿ ನೋಂದಣಿ ನಿಯಮಗಳು ಬಂದವು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ, ಪ್ರಾಣಿ ನಿಮ್ಮ ಕೈಗೆ ಬಂದ 30 ದಿನದೊಳಗೆ ನೋಂದಾಯಿಸಬೇಕು. ಮರಿ ಹಾಕಿದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮಾರುವವರಿಂದ ಬಿಲ್ಲು ಕೇಳಿ ಪಡೆಯಿರಿ, ಕಾಗದ ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಖಾಲಿ ಟ್ಯಾಂಕಿನ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಮರಿ ತರುವ ಮೊದಲು ಟ್ಯಾಂಕಿಗೆ ನೀರು ತುಂಬಿ, ಇಡಬೇಕೆಂದಿರುವ ಜಾಗದಲ್ಲೇ ಒಂದು ವಾರ ಬಿಡಿ. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 10ಕ್ಕೆ ನೀರಿನ ತಾಪ ಬರೆದಿಡಿ. ಏಪ್ರಿಲ್‌ನಲ್ಲಿ ಮಾಡಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆಗ ಹೊರಗೆ 36–37 ಡಿಗ್ರಿ ಇರುತ್ತದೆ, ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ.

ಬೇಕಾದದ್ದು 16ರಿಂದ 18 ಡಿಗ್ರಿ. 20–21ರವರೆಗೆ ತಡೆದುಕೊಳ್ಳುತ್ತದೆ. 22 ದಾಟಿದರೆ ಒದ್ದಾಟ ಶುರು, 24 ದಾಟಿದರೆ ಜೀವಕ್ಕೇ ಅಪಾಯ.

ಬಿಸಿ ಏಕೆ ಇಷ್ಟು ಕೆಟ್ಟದ್ದು ಅಂದರೆ, ಅದು ಒಂದೇ ಕಡೆಯಿಂದ ಹೊಡೆಯುವುದಿಲ್ಲ. 16 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಹೊತ್ತಿಗೆ ಮೈ ಬಿಸಿಯಾದ ಪ್ರಾಣಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಅದರ ಹಿಕ್ಕೆಯಿಂದ ಬರುವ ಅಮೋನಿಯ ಬಿಸಿನೀರಿನಲ್ಲಿ ಹೆಚ್ಚು ವಿಷವಾಗುತ್ತದೆ, ಬೂಸ್ಟು, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕೊನೆಗೆ ನಮ್ಮ ಕಣ್ಣಿಗೆ ಬೀಳುವುದು ಬೂಸ್ಟು. ಹಾಗಾಗಿ ಬೂಸ್ಟಿಗೆ ಔಷಧಿ ಹುಡುಕುತ್ತೇವೆ, ತಾಪ ನೋಡುವುದಿಲ್ಲ. ನಾನೂ ಅದನ್ನೇ ಮಾಡಿದ್ದೆ.

ತಂಪು ಮಾಡುವ ದಾರಿಗಳು

ಮೊದಲು ಜಾಗ. ನೆಲಮಹಡಿಯ, ಪಶ್ಚಿಮದ ಗೋಡೆಗೆ ತಾಗದ, ಬಿಸಿಲು ಬೀಳದ ಕೋಣೆ ಆರಿಸಿ. ಕಲ್ಲುಚಪ್ಪಡಿಯ ಹಳೇ ಮನೆ ಇದ್ದವರು ಪುಣ್ಯವಂತರು. ಅಡುಗೆಮನೆ, ಫ್ರಿಜ್‌ನ ಹಿಂಭಾಗ, ಟಿವಿಯ ಪಕ್ಕ ಬೇಡ. ಟ್ಯಾಂಕಿನ ತಳಕ್ಕೆ ಮತ್ತು ಮೂರು ಬದಿಗೆ ಒಂದಂಗುಲ ದಪ್ಪದ ಥರ್ಮೊಕೋಲ್ ಹಾಳೆ ಕೊಡಿ. ದೀಪ ಬೇಡ: ದೀಪವೂ ಬಿಸಿ ಕೊಡುತ್ತದೆ, ಈ ಪ್ರಾಣಿಗೆ ಕಣ್ಣೆವೆಯೂ ಇಲ್ಲ, ಬೆಳಕಿನಿಂದ ತಪ್ಪಿಸಿಕೊಳ್ಳಲಾಗದೆ ಮೂಲೆ ಸೇರುತ್ತದೆ.

ಎರಡನೆಯದು ಫ್ಯಾನು. ಇದನ್ನು ನನಗೆ ಅರ್ಥ ಮಾಡಿಸಿದ್ದು ಅಜ್ಜಿ ಮನೆಯ ಹರವಿ. ಮಣ್ಣಿನ ಹರವಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದಲ್ಲ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಸಣ್ಣ ಕ್ಲಿಪ್ ಫ್ಯಾನು ಮಾಡುವುದೂ ಅಷ್ಟೇ. ನಮ್ಮ ಕಡೆ ಮಾರ್ಚ್–ಏಪ್ರಿಲ್‌ನ ಗಾಳಿ ಒಣಗಿರುವುದರಿಂದ ಇದು ಕರಾವಳಿಗಿಂತ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 2ರಿಂದ 4 ಡಿಗ್ರಿ ಇಳಿಸುತ್ತದೆ. ಹೀಗೆ ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದ ಅಷ್ಟು ನೀರನ್ನು ಆರ್‌ಒ ನೀರಿನಿಂದ ತುಂಬಿ. ಮತ್ತೆ ಬೋರ್‌ವೆಲ್ ನೀರನ್ನೇ ಹಾಕುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಗಡಸು ವಿಪರೀತವಾಗುತ್ತದೆ.

ಆದರೆ ಕೋಣೆಯೇ 32 ಡಿಗ್ರಿ ಇದ್ದಾಗ 4 ಡಿಗ್ರಿ ಇಳಿದು ಏನು ಬಂತು? ಇಲ್ಲಿಯೇ ಹೆಚ್ಚಿನವರು ಫ್ರೀಜರಿನ ಬಾಟಲಿಗೆ ಕೈ ಹಾಕುವುದು. ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ನೀರಿನ ಮಂಜುಗಡ್ಡೆ ಕರಗಿ 20 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 100 ಕಿಲೊ ಕ್ಯಾಲೊರಿ ಶಾಖ ಹೀರುತ್ತದೆ. ಟ್ಯಾಂಕಿನಲ್ಲಿ 70 ಲೀಟರ್ ಇದ್ದರೆ ಅಷ್ಟರಿಂದ ಇಳಿಯುವುದು ಒಂದೂವರೆ ಡಿಗ್ರಿಗಿಂತ ಕಡಿಮೆ. 28ರಿಂದ 18ಕ್ಕೆ ತರಲು ಏಳು ಬಾಟಲಿ ಬೇಕು, ತಂದ ಮೇಲೂ ಕೋಣೆಯ ಬಿಸಿ ಒಳಗೆ ನುಗ್ಗುತ್ತಲೇ ಇರುತ್ತದೆ. ಆಫೀಸಿಗೆ ಹೋಗಿ ಬರುವಷ್ಟರಲ್ಲಿ ನೀರು ಮತ್ತೆ ಮೊದಲಿನ ಜಾಗಕ್ಕೆ. ದಿನಕ್ಕೆರಡು ಸಲ ಹೀಗೆ ಏರಿಳಿಯುವ ನೀರು ಮರಿಯನ್ನು ಇನ್ನಷ್ಟು ಬಳಲಿಸುತ್ತದೆ. ಬಾಟಲಿ ಆಪತ್ತಿಗೆ ಮಾತ್ರ.

ಆದ್ದರಿಂದ ನನ್ನ ಅಭಿಪ್ರಾಯ ಖಡಾಖಂಡಿತ: ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇಸಿಗೆ ದಾಟಿಸಲು ಕಂಪ್ರೆಸರ್ ಇರುವ ಅಕ್ವೇರಿಯಂ ಚಿಲ್ಲರ್ ಬೇಕು, ಇಲ್ಲವೇ ಹಗಲೂ ರಾತ್ರಿ ಎಸಿ ಓಡುವ ಕೋಣೆ ಬೇಕು. ಚಿಲ್ಲರ್‌ನ ಬೆಲೆ ಟ್ಯಾಂಕು, ಫಿಲ್ಟರ್, ಮರಿ ಮೂರರ ಒಟ್ಟು ಬೆಲೆಗಿಂತ ಹೆಚ್ಚು. ಆ ದುಡ್ಡು ಈಗ ಕೈಯಲ್ಲಿ ಇಲ್ಲವಾದರೆ ಮರಿಯನ್ನು ಈಗ ತರಬೇಡಿ. ಒಂದು ವರ್ಷ ಕಾಯುವುದರಲ್ಲಿ ಯಾರಿಗೂ ನಷ್ಟವಿಲ್ಲ. ಚಿಲ್ಲರ್ ತನ್ನ ಹಿಂದಿನಿಂದ ಬಿಸಿಗಾಳಿ ಉಗುಳುತ್ತದೆ, ಮುಚ್ಚಿದ ಕಪಾಟಿನೊಳಗೆ ಇಡಬೇಡಿ.

ಕರೆಂಟಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮನೆಯ ಇನ್ವರ್ಟರ್‌ಗೆ ಏರ್ ಪಂಪನ್ನು ಜೋಡಿಸಿಡಿ, ಅದಕ್ಕೆ ಬೇಕಾದ್ದು ಕೆಲವೇ ವಾಟ್. ಚಿಲ್ಲರ್ ನಿಂತರೂ ಥರ್ಮೊಕೋಲ್ ಹೊದ್ದ ಟ್ಯಾಂಕು ಒಂದೆರಡು ಗಂಟೆ ತಡೆಯುತ್ತದೆ. ಅದಕ್ಕೂ ಮೀರಿ ಕರೆಂಟು ಬಾರದಿದ್ದರೆ ಮರಿಯನ್ನು ಟ್ಯಾಂಕಿನದೇ ನೀರು ತುಂಬಿದ ಸಣ್ಣ ಟಬ್ಬಿಗೆ ಹಾಕಿ, ಟಬ್ಬನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿದ ಮಂಜಿನ ಬಾಟಲಿಯನ್ನು ಟಬ್ಬಿನ ಹೊರಗೆ ಪೆಟ್ಟಿಗೆಯೊಳಗೆ ಇಡಿ. ಐದು ಲೀಟರನ್ನು ತಂಪಾಗಿಡುವುದು ಎಪ್ಪತ್ತು ಲೀಟರನ್ನು ತಂಪಾಗಿಡುವುದಕ್ಕಿಂತ ಎಷ್ಟೋ ಸುಲಭ.

ಟ್ಯಾಂಕು

ಒಂದು ಆಕ್ಸೊಲಾಟಲ್‌ಗೆ ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಸಾಕು, ಸುಮಾರು 70 ಲೀಟರ್. ಇದು ತಳದಲ್ಲಿ ನಡೆದಾಡುವ ಜೀವಿ, ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಮೇಲೆ ಗಾಜಿನ ಮುಚ್ಚಳ ಹಾಕಿದರೆ ಫ್ಯಾನಿನಿಂದ ಉಪಯೋಗವಿಲ್ಲ, ಏನೂ ಹಾಕದಿದ್ದರೆ ಹೆದರಿದ ಮರಿ ಹಾರಿ ಹೊರಗೆ ಬೀಳಬಹುದು. ಅಲ್ಯೂಮಿನಿಯಂ ಚೌಕಟ್ಟಿಗೆ ಕಿಟಕಿಯ ಸೊಳ್ಳೆಜಾಲರಿ ಬಿಗಿದರೆ ಎರಡಕ್ಕೂ ಆಯಿತು.

ಅಂಗಡಿಯವರು ಬಣ್ಣದ ಕಲ್ಲಿನ ಚೀಲ ಕೊಟ್ಟೇ ಕೊಡುತ್ತಾರೆ. ಬೇಡವೆನ್ನಿ. ಆಕ್ಸೊಲಾಟಲ್ ಬಾಯಿ ಅಗಲಿಸಿ ನೀರನ್ನು ಸರ್ರನೆ ಒಳಗೆಳೆದು ತಿನ್ನುತ್ತದೆ. ತುತ್ತಿನ ಜೊತೆ ಕಲ್ಲೂ ಹೋಗಿ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮರಿಗೆ ಬರಿಯ ಗಾಜಿನ ತಳವೇ ಸರಿ. 12–13 ಸೆಂಟಿಮೀಟರ್ ದಾಟಿದ ಮೇಲೆ ಚೆನ್ನಾಗಿ ತೊಳೆದ ನಯವಾದ ಮರಳನ್ನು ತೆಳುವಾಗಿ ಹರಡಬಹುದು. ಅಡಗಿಕೊಳ್ಳಲು ಎರಡು ಜಾಗ ಕೊಡಿ: ಬಣ್ಣ ಬಳಿಯದ ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ, ಇಲ್ಲವೇ ಪಿವಿಸಿ ಪೈಪಿನ ತುಂಡಿನ ಅಂಚನ್ನು ಉಜ್ಜಿ ನಯ ಮಾಡಿ ಹಾಕಿ. ಫಿಲ್ಟರ್ ಸ್ಪಂಜಿನದಾಗಿರಲಿ, ಏರ್ ಪಂಪಿನಿಂದ ಓಡುವಂಥದ್ದು. ರಭಸದ ಹರಿವು ಇದಕ್ಕೆ ಆಗುವುದಿಲ್ಲ.

ನೀರು ಮಾಗಲಿ

ನಮ್ಮ ಕಡೆಯ ನೀರಿಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಬಚ್ಚಲ ಗೀಸರನ್ನು ಹಾಳುಮಾಡುವ ಗಡಸು ನೀರು ಆಕ್ಸೊಲಾಟಲ್‌ಗೆ ಹಿತ. ಸ್ವಲ್ಪ ಗಡಸಾಗಿ, ಪಿಎಚ್ 7.4–7.6ರ ಹತ್ತಿರ ಇದ್ದರೆ ಚೆನ್ನ. ಪೂರ್ತಿ ಆರ್‌ಒ ನೀರಿನಲ್ಲಿ ಸಾಕಬೇಡಿ, ಅದರಲ್ಲಿ ಲವಣವೇ ಇರುವುದಿಲ್ಲ. ಬೋರ್‌ವೆಲ್ ನೀರಾದರೆ ಮೊದಲು ನೈಟ್ರೇಟ್ ಪರೀಕ್ಷಿಸಿ. ಗೊಬ್ಬರ ಸುರಿಯುವ ಹೊಲ, ತೋಟಗಳ ಪಕ್ಕದ ಕೊಳವೆಬಾವಿಗಳಲ್ಲಿ ಅದು ಮೊದಲೇ ಹೆಚ್ಚಿರಬಹುದು. ಆಗ ಆರ್‌ಒ ನೀರು ಬೆರೆಸಿ ಇಳಿಸಿಕೊಳ್ಳಿ. ಆಗತಾನೆ ಎತ್ತಿದ ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಒಂದು ದಿನ ಏರ್ ಪಂಪ್ ಓಡಿಸಿ ಬಳಸಿ. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರಾಗಲಿ, ಯಾವ ಊರಿನ ನಲ್ಲಿ ನೀರೇ ಆಗಲಿ, ಕ್ಲೋರಿನ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ದ್ರವವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ. ಟ್ಯಾಂಕರ್ ನೀರು ಪ್ರತಿ ಸಲ ಬೇರೆ ಬೇರೆ ಬಾವಿಯದಿರುತ್ತದೆ, ಪ್ರತಿ ಸಲವೂ ಪರೀಕ್ಷೆ ಬೇಕು.

ಹೊಸ ಟ್ಯಾಂಕಿಗೆ ಅದೇ ದಿನ ಮರಿ ಬಿಟ್ಟರೆ ಅದರ ಹಿಕ್ಕೆಯ ಅಮೋನಿಯವೇ ಅದನ್ನು ಸುಡುತ್ತದೆ. ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ನೆಲೆಯೂರಬೇಕು, ಅದಕ್ಕೆ 4ರಿಂದ 6 ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಗೆಳೆಯರ ಮನೆಯ ಆರೋಗ್ಯವಾದ ಟ್ಯಾಂಕಿನಿಂದ ಹಳೇ ಸ್ಪಂಜಿನ ಒಂದು ತುಂಡು ತಂದು ಹಾಕಿದರೆ ಇನ್ನೂ ಬೇಗ ಆಗುತ್ತದೆ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಅದು ಕೊಳೆತು ಅಮೋನಿಯ ಹುಟ್ಟುತ್ತದೆ. ಈ ವಾರಗಳಲ್ಲಿ ಚಿಲ್ಲರ್ ಓಡಿಸಬೇಡಿ. ಮರಿಯನ್ನು ಕೊಲ್ಲುವ ನಮ್ಮೂರಿನ ಸೆಕೆ ಈ ಬ್ಯಾಕ್ಟೀರಿಯಾಗಳಿಗೆ ಹಬ್ಬ, 26–28 ಡಿಗ್ರಿಯಲ್ಲಿ ಬೇಗ ಹೆಚ್ಚುತ್ತವೆ. ನೀರು ಪರೀಕ್ಷಿಸಲು ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ಕಿಟ್ ನಂಬಿಕಸ್ಥ. ದಿನಾ ಆಹಾರ ಹಾಕುತ್ತಿದ್ದರೂ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಒಂದು ವಾರ ನಿಂತಿತೆಂದರೆ ನೀರು ಮಾಗಿದೆ. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ನೈಟ್ರೇಟನ್ನು ಲೀಟರಿಗೆ 20 ಮಿಲಿಗ್ರಾಂ ಒಳಗೆ ತಂದು, ಚಿಲ್ಲರ್ ಹಾಕಿ, ನಿಧಾನವಾಗಿ 18ಕ್ಕೆ ಇಳಿಸಿ.

ನಮ್ಮ ಗಡಸು ನೀರಿನ ಪಿಎಚ್ ಒಮ್ಮೊಮ್ಮೆ 8ಕ್ಕೆ ಹೋಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯದ ವಿಷಭಾಗ ಸುಮಾರು ಹತ್ತುಪಟ್ಟಾಗುತ್ತದೆ. ಹಾಗಾಗಿ ನಾವು "ಸ್ವಲ್ಪ ಅಮೋನಿಯ ಇದ್ದರೇನು" ಅನ್ನುವ ಹಾಗಿಲ್ಲ.

ಮರಿ ಆರಿಸುವುದು, ತರುವುದು

ದೀಪಾವಳಿ ಕಳೆದ ಮೇಲೆ ತನ್ನಿ. ಮುಂದಿನ ಮೂರು ತಿಂಗಳ ಚಳಿಯಲ್ಲಿ ಮರಿ ಗಟ್ಟಿಯಾಗುತ್ತದೆ. 8 ಸೆಂಟಿಮೀಟರಿಗಿಂತ ಚಿಕ್ಕದನ್ನು ಮೊದಲ ಸಲದವರು ತರಬಾರದು ಅನ್ನುವುದು ನನ್ನ ಗಟ್ಟಿ ಅನಿಸಿಕೆ. ಕಿವಿರಿನ ಎಳೆಗಳು ತುಂಬಿಕೊಂಡಿರಬೇಕು, ಹೊಟ್ಟೆ ತಲೆಯಷ್ಟು ಅಗಲ ಇರಬೇಕು, ನಾಲ್ಕೂ ಕಾಲು ಇರಬೇಕು. ಒಂದೆರಡು ಬೆರಳು ಮೊಟಕಾಗಿದ್ದರೆ ಹೆದರಬೇಡಿ. ಇಕ್ಕಟ್ಟಿನಲ್ಲಿ ಮರಿಗಳು ಒಂದರ ಕಾಲನ್ನು ಒಂದು ಕಚ್ಚುತ್ತವೆ, ಕಳೆದ ಬೆರಳು, ಕಾಲು ಕೆಲವು ವಾರಗಳಲ್ಲಿ ಮತ್ತೆ ಪೂರ್ತಿ ಬೆಳೆಯುತ್ತವೆ. ಈ ಶಕ್ತಿಯಿಂದಾಗಿಯೇ ವಿಜ್ಞಾನಿಗಳು ಒಂದೂವರೆ ಶತಮಾನದಿಂದ ಇದರ ಬೆನ್ನು ಬಿದ್ದಿರುವುದು. ನಿಮ್ಮ ಕಣ್ಣೆದುರು ತಿನ್ನಿಸಿ ತೋರಿಸಲು ಹೇಳಿ. ತಿನ್ನದ ಮರಿಯನ್ನು ಕನಿಕರದಿಂದಲೂ ಕೊಳ್ಳಬೇಡಿ.

ಬೆಂಗಳೂರಿನಿಂದ ತರುವುದಾದರೆ ಬೆಳಗಿನ ಮೊದಲ ಬಸ್ಸು, ಇಲ್ಲವೇ ರೈಲು. ಥರ್ಮೊಕೋಲ್ ಪೆಟ್ಟಿಗೆ ನೀವೇ ಒಯ್ಯಿರಿ. ಹೊರಡುವ ಹಿಂದಿನ ದಿನ ಆಹಾರ ಕೊಡದಂತೆ ಹೇಳಿ, ದಾರಿಯಲ್ಲಿ ನೀರು ಕೆಡುವುದಿಲ್ಲ. ಮನೆಗೆ ಬಂದ ಮೇಲೆ ಚೀಲವನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಸಿ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಲೋಟ ಟ್ಯಾಂಕಿನ ನೀರು ಸೇರಿಸಿ. ಅಂಗಡಿಯ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಮೊದಲ ದಿನ ಊಟ ಬೇಡ, ದೀಪ ಬೇಡ, ಮಕ್ಕಳು ಗಾಜು ತಟ್ಟುವುದು ಬೇಡ.

ಚಿಕ್ಕ ಮರಿಯೇ ಸಿಕ್ಕಿಬಿಟ್ಟರೆ ಐದು ಲೀಟರಿನ ಪಾರದರ್ಶಕ ಟಬ್ಬಿನಲ್ಲಿಟ್ಟು, ಆ ಟಬ್ಬನ್ನು ತಂಪಾದ ಟ್ಯಾಂಕಿನೊಳಗೆ ತೇಲಲು ಬಿಡಿ. ತಾಪ ಟ್ಯಾಂಕಿನದೇ ಇರುತ್ತದೆ, ಆಹಾರ ಮರಿಯ ಹತ್ತಿರವೇ ಇರುತ್ತದೆ. ಟಬ್ಬಿನ ನೀರನ್ನು ದಿನಾ ಪೂರ್ತಿ ಬದಲಿಸಬೇಕು.

ಊಟ

ಆಕ್ಸೊಲಾಟಲ್‌ಗೆ ಕಣ್ಣು ಮಂದ. ವಾಸನೆ ಮತ್ತು ನೀರಿನ ಅಲುಗಾಟದಿಂದ ಬೇಟೆ ಹಿಡಿಯುತ್ತದೆ. 5 ಸೆಂಟಿಮೀಟರಿಗಿಂತ ಚಿಕ್ಕ ಮರಿ ಅಲುಗಾಡದ್ದನ್ನು ಆಹಾರವೆಂದೇ ಗುರುತಿಸುವುದಿಲ್ಲ. ಅದಕ್ಕೆ ಆಗತಾನೆ ಮೊಟ್ಟೆಯೊಡೆದು ಬಂದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳು ಬೇಕು. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯ ಮೊಟ್ಟೆ, ಜೋರಾಗಿ ಗಾಳಿ ಕೊಟ್ಟರೆ ನಮ್ಮ ಸೆಕೆಯಲ್ಲಿ 24–36 ಗಂಟೆಗೆ ಒಡೆಯುತ್ತವೆ. ಸಿಹಿನೀರಿನಲ್ಲಿ ಜಾಲಿಸಿ ಉಪ್ಪು ತೆಗೆದು ದಿನಕ್ಕೆರಡು ಸಲ ಕೊಡಿ.

8 ಸೆಂಟಿಮೀಟರ್ ದಾಟಿದ ಮರಿಗೆ ಎರೆಹುಳುವಿಗಿಂತ ಒಳ್ಳೆಯ ಆಹಾರ ಇಲ್ಲ, ಇದರಲ್ಲಿ ನಮ್ಮ ಜಿಲ್ಲೆಗಳವರು ಬೆಂಗಳೂರಿನವರಿಗಿಂತ ಅನುಕೂಲಸ್ಥರು. ಎರೆಗೊಬ್ಬರ ಮಾಡುವವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ತುಮಕೂರಿನ ಹಿರೇಹಳ್ಳಿ, ಕೋಲಾರದ ಟಮಕ, ಚಿಂತಾಮಣಿಯ ಕುರುಬೂರು ಇಲ್ಲೆಲ್ಲ ಕೃಷಿ ವಿಜ್ಞಾನ ಕೇಂದ್ರಗಳಿವೆ, ಹುಳು ಎಲ್ಲಿ ಸಿಗುತ್ತದೆಂದು ಅಲ್ಲಿ ವಿಚಾರಿಸಿ. ಎರೆಗೊಬ್ಬರದ ಗುಂಡಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿ ಇರುತ್ತವೆ. ಮೈಮೇಲೆ ಹಳದಿ ಪಟ್ಟಿಯ ತೆಳು ಕೆಂಪು ಹುಳು ಹೆದರಿದಾಗ ಕಹಿ ದ್ರವ ಬಿಡುತ್ತದೆ, ಮರಿ ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತದೆ. ಆಫ್ರಿಕನ್ ಎಂದು ಕರೆಯುವ ದಪ್ಪನೆಯ ನೇರಳೆಗಂದು ಹುಳು ಕೇಳಿ ತನ್ನಿ. ಕೆಂಪು ಹುಳುವೇ ಸಿಕ್ಕರೆ ಕುದಿನೀರಿನಲ್ಲಿ ಐದಾರು ಸೆಕೆಂಡ್ ಅದ್ದಿ, ತೊಳೆದು, ತುಂಡು ಮಾಡಿ ಕೊಡಿ. ಒಮ್ಮೆ ತಂದ ಹುಳುವನ್ನು ತೂತಿನ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ಹಾಕಿ, ಸೌತೆ ಸಿಪ್ಪೆ, ಬಾಳೆ ಸಿಪ್ಪೆ ಕೊಟ್ಟು ತಿಂಗಳುಗಟ್ಟಲೆ ಉಳಿಸಿಕೊಳ್ಳಬಹುದು. ಈರುಳ್ಳಿ, ನಿಂಬೆ ಹಾಕಬೇಡಿ.

ತೋಟದಿಂದ ಅಗೆದು ತರುವ ಆಸೆ ಬೇಡ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಕ್ಕೂ ಕೋಲಾರದ ಟೊಮೆಟೊ ಹೊಲಕ್ಕೂ ಎಷ್ಟು ಸಲ ಔಷಧಿ ಹೊಡೆಯುತ್ತಾರೆಂಬುದು ನಮಗೆಲ್ಲ ಗೊತ್ತು, ಆ ಮಣ್ಣಿನ ಹುಳುವಿನ ಮೈಯಲ್ಲೂ ಅದು ಇರುತ್ತದೆ. ರೇಷ್ಮೆ ಸಾಕುವ ಮನೆಯವರಿಗೆ ರೇಷ್ಮೆಹುಳು ಕೊಡಬಹುದಲ್ಲ ಅನಿಸಬಹುದು. ಹುಳುಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಬಳಸುವುದರಿಂದ ನಾನು ಕೊಡುವುದಿಲ್ಲ. ಕೆರೆಯಿಂದ ಡಾಫ್ನಿಯ ಎಂಬ ಪುಟ್ಟ ನೀರುಚಿಗಟ ಹಿಡಿದು ತರುವುದೂ ಬೇಡ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಹರಿಯುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಉಳಿದ ಕೆರೆಗಳಿಂದಲೂ ಮೀನಿನ, ಕಪ್ಪೆಯ ರೋಗಗಳು ಜೊತೆಗೆ ಬರಬಹುದು. ಅಂಗಡಿಯಲ್ಲಿ ಜೀವಂತ ಮಾರುವ ಟ್ಯುಬಿಫೆಕ್ಸ್ ಹುಳು ಕೊಳಚೆಯಲ್ಲಿ ಬೆಳೆದದ್ದು, ಅದೂ ಬೇಡ. ಗಪ್ಪಿ ಮೀನು, ಕೋಳಿ, ಮಟನ್, ಅನ್ನ ಯಾವುದೂ ಅದರ ಆಹಾರವಲ್ಲ. ಹುಳು ಸಿಗದ ದಿನ ಫ್ರೋಜನ್ ಬ್ಲಡ್‌ವರ್ಮ್ (ಮಂಜುಗಟ್ಟಿಸಿ ಮಾರುವ ಕೆಂಪು ನೀರುಹುಳು) ಕರಗಿಸಿ ಕೊಡಿ.

ತುಂಡು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪ ಇರಬಾರದು. ಮೊಂಡು ತುದಿಯ ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದು ಮೂಗಿನ ಮುಂದೆ ಮೆಲ್ಲಗೆ ಅಲುಗಾಡಿಸಿ. ನನ್ನ ಈಗಿನ ಮರಿ ಮೊದಲ ವಾರ ಓಡಿಹೋಗುತ್ತಿತ್ತು, ಎರಡನೇ ವಾರಕ್ಕೆ ಚಿಮಟದ ನೆರಳು ಕಂಡರೆ ಕುಡಿಕೆಯಿಂದ ತಲೆ ಹೊರಗೆ ಹಾಕುತ್ತಿತ್ತು. ಆ ದಿನದ ಸಂತೋಷ ದೊಡ್ಡದು. ಬೆಳೆಯುವ ಮರಿಗೆ ದಿನಾ ಊಟ, 15 ಸೆಂಟಿಮೀಟರ್ ದಾಟಿದ ಮೇಲೆ ದಿನ ಬಿಟ್ಟು ದಿನ, ದೊಡ್ಡದಕ್ಕೆ ವಾರಕ್ಕೆ ಎರಡು–ಮೂರು ಸಲ. ಉಳಿದದ್ದನ್ನು ಒಂದು ಗಂಟೆಯೊಳಗೆ ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಿರಿ.

ದಿನದ ಕೆಲಸ, ವಾರದ ಕೆಲಸ

ದಿನಾ ತಾಪ ನೋಡಿ, ಹಿಕ್ಕೆ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತಾರಸಿ ಮೇಲಿನ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕೈಗೇ ಬಿಸಿ ತಾಗುತ್ತದೆ, ನೇರವಾಗಿ ಸುರಿದರೆ ಅನಾಹುತ. ಹಿಂದಿನ ಸಂಜೆ ಕ್ಲೋರಿನ್ ತೆಗೆದ ನೀರನ್ನು ಮಣ್ಣಿನ ಹರವಿಗಳಲ್ಲಿ ತುಂಬಿ ಗಾಳಿಯಾಡುವ ಕಡೆ ಇಡಿ, ಬೆಳಿಗ್ಗೆಗೆ ಎಷ್ಟೋ ಡಿಗ್ರಿ ಇಳಿದಿರುತ್ತದೆ. ಇನ್ನೂ ಬಿಸಿ ಇದ್ದರೆ ಬಕೆಟ್ಟಿನಲ್ಲಿ ಮಂಜಿನ ಬಾಟಲಿ ಇಟ್ಟು ಟ್ಯಾಂಕಿನ ತಾಪಕ್ಕೆ ಸರಿಹೊಂದಿಸಿ. ಸ್ಪಂಜನ್ನು ತೆಗೆದ ಹಳೇ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಆರು ವಾರ ಸಾಕಿದ ಬ್ಯಾಕ್ಟೀರಿಯಾ ಒಂದು ನಿಮಿಷದಲ್ಲಿ ಸಾಯುತ್ತವೆ.

ನಮ್ಮ ಮನೆಗಳಲ್ಲಿ ಎಲ್ಲರೂ ಮರೆಯುವ ಒಂದು ಅಪಾಯವಿದೆ. ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳ ವಿಷ ನೀರಿನ ಜೀವಿಗಳಿಗೆ ಬಹಳ ಕೆಟ್ಟದ್ದು, ಏರ್ ಪಂಪು ಕೋಣೆಯ ಅದೇ ಗಾಳಿಯನ್ನು ಎಳೆದು ನೀರಿಗೆ ಊದುತ್ತದೆ. ಮರಿ ಇರುವ ಕೋಣೆಯಲ್ಲಿ ಇವು ಯಾವುದೂ ಬೇಡ, ಸೊಳ್ಳೆಪರದೆ ಕಟ್ಟಿಕೊಳ್ಳಿ. ಸಾಂಬ್ರಾಣಿ ಹೊಗೆಯನ್ನೂ ದೂರ ಇಡಿ. ಟ್ಯಾಂಕಿಗೆ ಕೈ ಹಾಕುವ ಮೊದಲು ಸೋಪು, ಸ್ಯಾನಿಟೈಜರ್ ಉಳಿಯದಂತೆ ಬರಿ ನೀರಿನಲ್ಲಿ ತೊಳೆಯಿರಿ, ಹಾಕಿ ಬಂದ ಮೇಲೆ ಸೋಪಿನಲ್ಲಿ ತೊಳೆಯಿರಿ. ಮರಿಯನ್ನು ಕೈಯಲ್ಲಿ ಹಿಡಿಯಲೇಬೇಡಿ, ಅದರ ಚರ್ಮ ತೆಳು, ಎಲುಬು ಇನ್ನೂ ಮೆದು. ಸಾಗಿಸಬೇಕಾದಾಗ ಡಬ್ಬಿಯನ್ನು ನೀರೊಳಗೆ ಮುಳುಗಿಸಿ ಅದರೊಳಗೆ ನಡೆಸಿಕೊಳ್ಳಿ.

ಜೊತೆಗೆ ಮೀನು ಹಾಕಬೇಡಿ. ಚಿಕ್ಕ ಮೀನು ಇದರ ಹೊಟ್ಟೆಗೆ ಹೋಗುತ್ತದೆ, ದೊಡ್ಡ ಮೀನು ಇದರ ಕಿವಿರು ಕೀಳುತ್ತದೆ. ಇನ್ನೊಂದು ಆಕ್ಸೊಲಾಟಲ್ ಕೂಡ ಬೇಡ, ಒಂಟಿತನ ಇದಕ್ಕೆ ಸಂಕಟವಲ್ಲ. ಗಂಡು ಹೆಣ್ಣು ಒಂದೇ ಟ್ಯಾಂಕಿನಲ್ಲಿದ್ದರೆ ಒಂದು ಸಲಕ್ಕೆ ನೂರಾರು ಮೊಟ್ಟೆ, ಅಷ್ಟು ಮರಿಗಳಿಗೆ ತಂಪು ನೀರು ಎಲ್ಲಿಂದ ತರುತ್ತೀರಿ?

ಹುಷಾರು ತಪ್ಪಿದಾಗ

ಕಿವಿರು ಮುಂದಕ್ಕೆ ಬಾಗಿ ನಿಂತರೆ, ಬಾಲದ ತುದಿ ಕೊಕ್ಕೆಯಂತೆ ಸುರುಳಿದರೆ, ಎರಡು ದಿನ ತಿನ್ನದಿದ್ದರೆ, ಮೇಲೆ ತೇಲುತ್ತ ಕೆಳಗಿಳಿಯಲು ಆಗದಿದ್ದರೆ ಔಷಧಿಗೆ ಓಡುವ ಮೊದಲು ಎರಡು ಅಳತೆ ತೆಗೆಯಿರಿ: ತಾಪ, ಅಮೋನಿಯ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ. ಮರಿಯನ್ನು 16–18 ಡಿಗ್ರಿಯ ಶುದ್ಧ ನೀರಿನ ಟಬ್ಬಿಗೆ ಹಾಕಿ, ದಿನಾ ಪೂರ್ತಿ ನೀರು ಬದಲಿಸಿ, ಕತ್ತಲಲ್ಲಿಡಿ. ಸಣ್ಣ ಬೂಸ್ಟು ಇಷ್ಟರಲ್ಲೇ ಹೋಗುವುದುಂಟು. ಮೀನಿಗೆಂದು ಮಾರುವ ಬಣ್ಣದ ಔಷಧಿಗಳನ್ನು ಅಂದಾಜಿನಲ್ಲಿ ಹಾಕಬೇಡಿ. ಮ್ಯಾಲಕೈಟ್ ಗ್ರೀನ್, ತಾಮ್ರ ಇರುವಂಥವು ಮೀನು ತಡೆದುಕೊಂಡರೂ ಆಕ್ಸೊಲಾಟಲ್‌ನ ಚರ್ಮ ತಡೆಯುವುದಿಲ್ಲ. ಮೂರು ದಿನದಲ್ಲಿ ಚೇತರಿಕೆ ಕಾಣದಿದ್ದರೆ, ಮೈ ಊದಿಕೊಂಡರೆ, ಹುಣ್ಣಾದರೆ ವೈದ್ಯರು ಬೇಕು. ನಮ್ಮೂರ ಪಶುವೈದ್ಯರ ಕೈ ಪಳಗಿರುವುದು ಹಸು, ಕುರಿಗಳಲ್ಲಿ. ಅದಕ್ಕೆ ಬೆಂಗಳೂರಿನಲ್ಲಿ ಪಕ್ಷಿ, ಆಮೆಗಳಂಥ ಪ್ರಾಣಿಗಳನ್ನು ನೋಡುವ ವೈದ್ಯರನ್ನು ಮರಿ ತರುವ ಮೊದಲೇ ವಿಚಾರಿಸಿ, ಫೋನ್ ನಂಬರ್ ಟ್ಯಾಂಕಿನ ಪಕ್ಕ ಅಂಟಿಸಿಡಿ.

ಸಾಕಲು ಆಗದು ಅನಿಸಿದರೆ ಕೆರೆಗೆ ಬಿಡಬೇಡಿ. ನಮ್ಮ ಕೆರೆಯ ಬಿಸಿಯಲ್ಲಿ ಅದು ನರಳಿ ಸಾಯುತ್ತದೆ, ಅದರ ಮೈಯಲ್ಲಿರಬಹುದಾದ ಶಿಲೀಂಧ್ರ ನಮ್ಮ ಕಪ್ಪೆಗಳಿಗೆ ಹರಡಬಹುದು. ಸಾಕಬಲ್ಲವರನ್ನು ಹುಡುಕಿ, ನೋಂದಣಿ ಬದಲಿಸಿ ಕೊಡಿ.

ಊರಿಗೆ ಹೋಗುವಾಗ

ಯುಗಾದಿ ಬರುವುದು ಸರಿಯಾಗಿ ಬಿಸಿಲೇರುವ ಹೊತ್ತಿಗೆ. ಎರಡು ದಿನ ಮನೆಗೆ ಬೀಗ ಹಾಕಬೇಕಾದರೆ ಬೆಳೆಯುವ ಮರಿ ಅಷ್ಟು ಹೊತ್ತು ಹಸಿವು ತಡೆದುಕೊಳ್ಳುತ್ತದೆ, ಬಿಸಿ ತಡೆದುಕೊಳ್ಳುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಆಹಾರದ ಜವಾಬ್ದಾರಿ ಕೊಡಬೇಡಿ, ಪ್ರೀತಿಯಿಂದ ಹೆಚ್ಚು ಹಾಕಿ ನೀರು ಕೆಡಿಸಿಬಿಡುತ್ತಾರೆ. ಕೀಲಿ ಕೊಟ್ಟು ಒಂದೇ ಕೆಲಸ ಹೇಳಿ. ನಾನು ಟ್ಯಾಂಕಿನ ಮೇಲೆ ಅಂಟಿಸಿ ಹೋಗುವ ಚೀಟಿಯಲ್ಲಿ ಇಷ್ಟೇ ಇರುತ್ತದೆ: "ಅಕ್ಕ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಈ ಮೀಟರ್ ನೋಡಿ. 20 ದಾಟಿದ್ದರೆ ಫ್ರೀಜರಿನಿಂದ ಎರಡು ಬಾಟಲಿ ನೀರಿನೊಳಗೆ ಇಟ್ಟು ನನಗೆ ಫೋನ್ ಮಾಡಿ. ಊಟ ಕೊಡುವುದು ಬೇಡ, ನಾನು ಬಂದು ಕೊಡುತ್ತೇನೆ."